ಕೃಷ್ಣೆಯ ಮೀನಿಗೆ ಕಾವೇರಿಯಲ್ಲಿ ಏನು ಕೆಲಸ?

ಮುಧೋಳದ ನಾಯಿಗೆ ಹೆಸರು ಒಂದಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾದವರಿಗೆ ಅದು ಕಾರವಾನ್ ಹೌಂಡ್, 2005ರ ಅಂಚೆಚೀಟಿಯಲ್ಲಿ ಮುಧೋಳ ಹೌಂಡ್. ಇದಕ್ಕಾಗಿ ಜಗಳವಾಡುವವರಿದ್ದಾರೆ, ಆಡಲಿ, ಊರಿನ ಅಭಿಮಾನ ಸಣ್ಣದೇನಲ್ಲ. ಆದರೆ ಹೆಸರು ಯಾವುದಾದರೂ ಆ ನಾಯಿಗೆ ಕೇಡಿಲ್ಲ, ಸಾಕಿದವನಿಗೆ ಅದರ ಗುರುತಿದೆ. ನೀರೊಳಗಿನ ಜೀವಕ್ಕೆ ಆ ಭಾಗ್ಯವಿಲ್ಲ.

ವಿಜ್ಞಾನಿಗಳು ಹೆಸರು ಬದಲಿಸುತ್ತಲೇ ಇರುತ್ತಾರೆ, ಇದೇನು ಹುಡುಗಾಟ ಎಂಬ ದೂರು ಹಳೆಯದು. ರೇನ್‌ಬೋ ಟ್ರೌಟ್ ಇದಕ್ಕೆ ಒಳ್ಳೆಯ ಉತ್ತರ. ಅಮೆರಿಕದ ಆ ಮೀನನ್ನು 1836ರಲ್ಲಿ ರಿಚರ್ಡ್‌ಸನ್ ಸಾಲ್ಮೊ ಗೈರ್ಡ್ನೆರಿ ಎಂದು ಕರೆದ. ಆದರೆ ರಷ್ಯದ ಕಮ್ಚಾಟ್ಕಾದ ಮೀನಿಗೆ ವಾಲ್‌ಬಾಮ್ 1792ರಲ್ಲೇ ಮೈಕಿಸ್ ಎಂದು ಹೆಸರಿಟ್ಟಿದ್ದ. ಎರಡೂ ಒಂದೇ ಎಂದು ಗೊತ್ತಾದ ಮೇಲೆ ಮೊದಲಿಟ್ಟ ಹೆಸರಿಗೇ ಹಕ್ಕು. ಅದು ಅಟ್ಲಾಂಟಿಕ್ ಸಾಲ್ಮನ್ನಿಗಿಂತ ಶಾಂತಸಾಗರದ ಸಾಲ್ಮನ್ನಿಗೆ ಹತ್ತಿರದ ನಂಟೆಂದೂ ತಿಳಿದು 1989ರಲ್ಲಿ ಕುಲವೂ ಬದಲಾಯಿತು: ಆಂಕೊರಿಂಕಸ್ ಮೈಕಿಸ್. ಇಲ್ಲಿ ಹುಡುಗಾಟವೆಲ್ಲಿ?

ಗಾಳ ಹಿಡಿದು ಬಂದ ಬ್ರಿಟಿಷರು ನಮ್ಮ ಮಹಶೀರನ್ನು ಸಾಲ್ಮನ್ನಿಗೆ ಹೋಲಿಸಿ ಹಿಗ್ಗಿದರು. ಅದು ಕಾರ್ಪ್ ಕುಟುಂಬದ್ದು, ಸಾಲ್ಮನ್ ಬಳಗಕ್ಕೆ ಸೇರಿದ್ದೇ ಅಲ್ಲ. ಅದೇ ಬ್ರಿಟಿಷರ ಪೈಕಿ ಕರ್ನಲ್ ಸೈಕ್ಸ್ ಈ ಗಾಳಗಾರರಿಗಿಂತ ಹೆಚ್ಚು ಸೂಕ್ಷ್ಮ. ದಖನ್ನಿನ ಮೀನುಗಳನ್ನು 1839ರಲ್ಲಿ ವರ್ಣಿಸುವಾಗ ಖುದ್ರೀ, ಮುಸಲ್ಲಾ, ಪೊಟೇಲ್, ಕೋಲುಸ್ ಎಂಬ ಸ್ಥಳೀಯ ಹೆಸರುಗಳನ್ನೇ ಲ್ಯಾಟಿನ್ ಸಾಲಿನಲ್ಲಿ ಕೂರಿಸಿದ. ಖುದ್ರೀ, ಈಗಿನ ಟಾರ್ ಖುದ್ರೀ ಎಂಬ ಮಹಶೀರ್, ಪುಣೆಯ ಮುಳಾ-ಮುಠಾ ನದಿಯದು. ಅದರ ನೀರು ಭೀಮೆಗೆ ಸೇರಿ ಕೃಷ್ಣೆಗೆ ಬರುತ್ತದೆ. ಜಮಖಂಡಿ, ರಬಕವಿ-ಬನಹಟ್ಟಿಗಳ ಮಗ್ಗುಲಲ್ಲಿ ಹರಿಯುವ ಅದೇ ಕೃಷ್ಣೆ.

ಮುಂದೆ ಬೇರೆ ಬೇರೆ ನದಿಗಳ ಮೀನುಗಳು 'ಮಹಶೀರ್' ಎಂಬ ಒಂದೇ ಮಾತಿನಲ್ಲಿ ಕಲಸಿಹೋದವು. ಕಾವೇರಿಯ ಡುಬ್ಬದ ಮಹಶೀರಿಗೆ ಸೈಕ್ಸನ ಮುಸಲ್ಲಾ ಹೆಸರನ್ನು ತಪ್ಪಾಗಿ ಅಂಟಿಸಿದರು. ಆ ಹೆಸರು ನಿಜಕ್ಕೂ ಕೃಷ್ಣಾ ಕಣಿವೆಯ ಬೇರೆಯೇ ಮೀನಿನದು. ಮಹಶೀರ್ ಉಳಿಸುವ ಒಳ್ಳೆಯ ಮನಸ್ಸಿನಿಂದ ಲೋಣಾವಳದ ಸಾಕಣೆ ಕೇಂದ್ರದ ಖುದ್ರೀ ಮರಿಗಳನ್ನು ಕಾವೇರಿಗೂ ಬಿಟ್ಟರು. ಮುಂದೆ ಗಾಳಗಾರರು ಬರೆದಿಟ್ಟ ಲೆಕ್ಕ ಪರಿಶೀಲಿಸಿದಾಗ ಕಂಡದ್ದು, ಖುದ್ರೀ ಹೆಚ್ಚುತ್ತಿದೆ, ಡುಬ್ಬದ ಮೀನು ಕುಸಿಯುತ್ತಿದೆ. ಅಣೆಕಟ್ಟು, ಮರಳುಗಣಿ, ಸಿಡಿಮದ್ದಿನ ಪಾಲೂ ಇದೆ, ಎಲ್ಲ ತಪ್ಪನ್ನೂ ಖುದ್ರೀಯ ತಲೆಗೆ ಕಟ್ಟಲಾಗದು. ಪಾಪ, ತನ್ನ ನದಿಯಲ್ಲಿ ಅದೂ ಸಂಕಟಪಟ್ಟದ್ದೇ. ಡುಬ್ಬದ ಮೀನು ಟಾರ್ ರೆಮಾದೇವಿ ಎಂಬ ಪ್ರಭೇದವೇ ಎಂದು ಖಚಿತವಾದದ್ದು 2018ರಲ್ಲಿ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪುಪಟ್ಟಿ ಅದನ್ನು ತೀವ್ರ ಅಪಾಯದ ಸಾಲಿಗೆ ಸೇರಿಸಲು ಸಾಧ್ಯವಾದದ್ದು ಆಮೇಲೆಯೇ. ಶತಮಾನಕ್ಕೂ ಹೆಚ್ಚು ಕಾಲ ಗಾಳಗಾರರ ಫೋಟೊಗಳಲ್ಲಿ ಮೆರೆದ ಮೀನಿಗೆ ಪಟ್ಟಿಯಲ್ಲಿ ಜಾಗ ಸಿಗಲು ಹೆಸರು ಬೇಕಾಯಿತು.

ಬೀಳಗಿ ಸೀಮೆಯ ಆಲಮಟ್ಟಿ ಹಿನ್ನೀರಿನಂಥ ಕಡೆ ಮೀನುಮರಿ ಬಿಟ್ಟಾಗ ಸುದ್ದಿಯಾಗುವುದು ಸಾಮಾನ್ಯವಾಗಿ ಎಷ್ಟು ಲಕ್ಷ ಎಂಬ ಸಂಖ್ಯೆ. ಯಾವ ಪ್ರಭೇದ, ಮೂಲತಃ ಯಾವ ನದಿಯದು ಎಂಬ ಎರಡು ಕಾಲಂಗಳನ್ನು ಆ ಲೆಕ್ಕದ ಪುಸ್ತಕದಲ್ಲಿ ಸೇರಿಸಲು ಸರ್ಕಾರಕ್ಕೆ ಖರ್ಚೇನೂ ಬೀಳದು.