ಪೆರಿಯಾರಿನ ಕೆಸರನ್ನೂ ಪರೀಕ್ಷಿಸಿ

2024ರ ಮೇ ತಿಂಗಳಲ್ಲಿ ಕೊಚ್ಚಿಯ ಬಳಿ ಪೆರಿಯಾರ್ ನದಿಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು. ಪಂಜರಗಳಲ್ಲಿ ಮೀನು ಸಾಕಿದವರು ಬರಿಗೈಯಾದರು. ಸಿಟ್ಟಿಗೆದ್ದ ಜನ ಸತ್ತ ಮೀನು ಹೊತ್ತು ಏಲೂರಿನ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೇ ಹೋದರು. ನದಿಗೆ ಅಡ್ಡಲಾಗಿರುವ ಪಾತಾಳಂ ಕಟ್ಟೆಯ ಬಾಗಿಲು ತೆರೆದಾಗ ಆಮ್ಲಜನಕವಿಲ್ಲದ ನೀರು ಹರಿದದ್ದೇ ಕಾರಣವೆಂದಿತು ಮಂಡಳಿ. ಕೇರಳದ ಮೀನುಗಾರಿಕೆ ವಿಶ್ವವಿದ್ಯಾಲಯ, ನೀರಿನಲ್ಲಿ ಅಮೋನಿಯಾ ಮತ್ತು ಹೈಡ್ರೋಜನ್ ಸಲ್ಫೈಡ್ ಅಪಾಯದ ಮಟ್ಟದಲ್ಲಿದ್ದವು ಎಂದಿತು.

ಮಂಡಳಿಯ ಉತ್ತರ ನನಗೆ ಒಪ್ಪಿಗೆಯಿಲ್ಲ. ಉಸಿರು ನಿಂತು ಸತ್ತ ಎಂದು ಬರೆದರೆ ಮರಣದ ಕಾರಣ ಬರೆದಂತಾಗುವುದೇ? ಆಮ್ಲಜನಕ ಎಲ್ಲಿ ಹೋಯಿತು, ವಿಷ ಎಲ್ಲಿಂದ ಬಂತು ಎಂದು ಕೇಳಬೇಕಾದದ್ದು ನದಿಯ ತಳದ ಕೆಸರನ್ನು.

ಅಳಿವೆಗೆ ಬಂದು ಬೀಳುವ ಕೊಳೆಯನ್ನು ಅರಗಿಸುವ ಸೂಕ್ಷ್ಮಾಣುಗಳು ಆ ಕೆಸರಿನಲ್ಲಿವೆ. ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಗುಂಪಿಗೆ ತಾಮ್ರ, ಸತು, ಕ್ಯಾಡ್ಮಿಯಂ ಹೆಚ್ಚಾದರೆ ಕೈಕಾಲು ಕಟ್ಟಿದಂತೆ. ಗಾಳಿಯಾಡದ ಕೆಸರಿನಲ್ಲಿ ಮತ್ತೊಂದು ಗುಂಪು ಉಪ್ಪುನೀರಿನ ಸಲ್ಫೇಟ್ ಬಳಸಿ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ.

ಕೊಚ್ಚಿ ಅಳಿವೆಯ ಈ ಜೀವಲೋಕದ ಬಗ್ಗೆ 2011ರಲ್ಲೇ ಅಧ್ಯಯನ ಪ್ರಕಟವಾಗಿದೆ. ಕಾರ್ಖಾನೆಗಳು ತುಂಬಿದ ಏಲೂರಿನಿಂದ ತಂದು ಬೆಳೆಸಿದ ಬ್ಯಾಕ್ಟೀರಿಯಾಗಳಲ್ಲಿ ಶೇ 90ರಿಂದ 100ರಷ್ಟು ಸತು, ಕೋಬಾಲ್ಟ್, ನಿಕ್ಕಲ್, ತಾಮ್ರವನ್ನು ತಾಳಿಕೊಂಡವು. ಅಳಿವೆಯ ಕಡಲಂಚಿನ ವೈಪಿನ್, ಮುನಂಬಂ ಕಡೆ ಹಾಗೆ ತಾಳಿಕೊಂಡವು ಶೇ 40ಕ್ಕೂ ಕಡಿಮೆ. ಏಲೂರಿನವುಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನವಕ್ಕೆ ಕೊಳೆಯನ್ನು ಒಡೆಯುವ ಕಿಣ್ವಗಳೇ ಕುಗ್ಗಿದ್ದವು. 2024ರ ಸಾವಿಗೆ ಲೋಹವೇ ಕಾರಣವೆಂದು ಇದರಿಂದ ಹೇಳಲಾಗದು, ನಿಜ. ಆದರೆ ನದಿಯ ಜೀರ್ಣಶಕ್ತಿ ಕುಂದಿದ್ದು ಹದಿಮೂರು ವರ್ಷ ಮೊದಲೇ ದಾಖಲಾಗಿತ್ತು.

ಸೂಕ್ಷ್ಮಾಣುಗಳು ವಿಷಕ್ಕೆ ಒಗ್ಗಿಕೊಂಡಿವೆಯಲ್ಲ, ನದಿಯನ್ನು ಅವೇ ತೊಳೆಯುತ್ತವೆ ಎನ್ನುವವರಿದ್ದಾರೆ. ಈ ಸಮಾಧಾನ ಅಪಾಯಕಾರಿ. ಒಳನುಗ್ಗಿದ ಲೋಹವನ್ನು ಹೊರದಬ್ಬುವುದರಲ್ಲೇ ಶಕ್ತಿ ಸವೆಸುವ ಜೀವಿ ಬದುಕುಳಿದಿದೆ, ಅಷ್ಟೆ. ಲೋಹವಂತೂ ಕೊಳೆಯುವುದಿಲ್ಲ. ಎಡಯಾರಿನ ಸತುವಿನ ಕಾರ್ಖಾನೆ 2014ರಲ್ಲೇ ಮುಚ್ಚಿದರೂ ಕೆಸರಿಗಿಳಿದ ಸತು ಅದರೊಂದಿಗೆ ಹೊರಟುಹೋಗದು. ಮೇಲಾಗಿ, ಲೋಹ ತಾಳುವ ವಂಶವಾಹಿಗಳ ಜೊತೆಗೇ ಆ್ಯಂಟಿಬಯೋಟಿಕ್ ತಾಳುವ ವಂಶವಾಹಿಗಳೂ ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ದಾಟಬಲ್ಲವು.

ಉಬ್ಬರವಿಳಿತಕ್ಕೆ ತಕ್ಕಂತೆ ಬದಲಾಗುವ ನೀರನ್ನು ಸೀಸೆಯಲ್ಲಿ ತುಂಬಿ ಅಳೆದರೆ ಸಾಲದು. ಕಟ್ಟೆಯ ಮೇಲೂ ಕೆಳಗೂ ಪ್ರತಿ ಮಳೆಗಾಲಕ್ಕೆ ಮುಂಚೆ ಕೆಸರು ತೆಗೆದು, ಅದರ ಲೋಹ, ಸೂಕ್ಷ್ಮಾಣು, ಕಿಣ್ವಗಳ ಲೆಕ್ಕವನ್ನು ಮೀನುಗಾರರ ಮುಂದಿಡಬೇಕು. ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆಗಳ ಪಕ್ಕದಲ್ಲೇ ಹರಿಯುವ ನಮ್ಮ ಗುರುಪುರ ನದಿಯಲ್ಲಿ ಮೀನು ತೇಲುವವರೆಗೆ ಕಾಯದೆ ಈ ಲೆಕ್ಕ ಶುರುವಾಗಲಿ.