ಮಿದುಳಿನ ಪಾಠ ಮಾಡುತ್ತಾ ತಲೆಗೆ ಮೊಟಕಬಹುದೇ?



ಕೆಲವು ವರ್ಷಗಳ ಹಿಂದಿನ ಮಾತು. ಮಿದುಳಿನ ಪಾಠ ಮುಗಿಸಿ, ಅದರ ಭಾಗಗಳನ್ನು ಹೇಳು ಎಂದು ಒಬ್ಬ ಹುಡುಗನನ್ನು ಎಬ್ಬಿಸಿದೆ. ‘ಮಹಾಮಸ್ತಿಷ್ಕ’ ಎಂದವನು ಮುಂದೆ ತೋಚದೆ ನಿಂತುಬಿಟ್ಟ. “ತಲೆಯಲ್ಲಿ ಏನಿದೆ, ಸಗಣಿಯೇ?” ಎಂದು ಮೊಟಕಿದೆ. ತರಗತಿ ನಕ್ಕಿತು. ಬಿಸಿಯೂಟದ ನಂತರ ಅದೇ ಹುಡುಗ ಲಗೋರಿ ಆಡುತ್ತಿದ್ದ. ಓಡುತ್ತಲೇ ತಿರುಗಿ, ಮೈಯನ್ನು ಬಾಗಿಸಿ, ಒಂದೇ ಕೈಯಲ್ಲಿ ಚೆಂಡು ಹಿಡಿದ. ಬಾಯಲ್ಲಿ ಹೇಳಲಾಗದ ‘ಅನುಮಸ್ತಿಷ್ಕ’ವನ್ನು ಅವನು ಬಯಲಿನಲ್ಲಿ ಬಳಸಿ ತೋರಿಸಿದ್ದ! ಅಂದು ನನಗೆ ನಾಚಿಕೆಯಾಯಿತು.

ಬಾಯಿಪಾಠ ಒಪ್ಪಿಸುವುದೊಂದನ್ನೇ ನೋಡಿ ಮಗುವಿಗೆ ‘ದಡ್ಡ’ ಎಂಬ ಹಣೆಪಟ್ಟಿ ಹಚ್ಚುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಕೇವಲ ಕರುಣೆಯ ಮಾತಲ್ಲ, ಮಿದುಳಿನ ರಚನೆಯೇ ಹೀಗೆ ಹೇಳುತ್ತದೆ.

ವಯಸ್ಕರ ಮಿದುಳಿನ ತೂಕ ಸುಮಾರು 1.3ರಿಂದ 1.4 ಕಿಲೋಗ್ರಾಂ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಎಲ್ಲಕ್ಕಿಂತ ದೊಡ್ಡದಾದ ಮಹಾಮಸ್ತಿಷ್ಕ ನೋಡುವ, ಕೇಳುವ, ಮಾತನಾಡುವ, ಯೋಚಿಸುವ ಕೆಲಸಗಳನ್ನು ನಡೆಸುತ್ತದೆ. ಹಿಂಬದಿಯ ಅನುಮಸ್ತಿಷ್ಕ ದೇಹದ ಸಮತೋಲ ಕಾಯ್ದು, ಚಲನೆಗಳನ್ನು ಹೊಂದಿಸುತ್ತದೆ. ಮಿದುಳುಬಳ್ಳಿಗೆ ಸೇರುವ ಮೆಡುಲ್ಲಾ ಅಬ್ಲಾಂಗೇಟಾ ನಾವು ನಿದ್ರಿಸುವಾಗಲೂ ಉಸಿರಾಟ, ಹೃದಯ ಬಡಿತಗಳನ್ನು ನೋಡಿಕೊಳ್ಳುತ್ತದೆ.

ಇನ್ನು ನೆನಪು. ಅದಕ್ಕೆ ಒಂದೇ ಮನೆಯಿಲ್ಲ. ಅಮೆರಿಕದ ಹೆನ್ರಿ ಮೊಲೈಸನ್ ಎಂಬುವರಿಗೆ ತೀವ್ರ ಮೂರ್ಛೆರೋಗವಿತ್ತು. ಅದನ್ನು ತಡೆಯಲು 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ಮಿದುಳಿನ ಎರಡೂ ಕಡೆಯ ಹಿಪ್ಪೋಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದರು. ಆಮೇಲೆ ಹೊಸ ಸಂಗತಿಗಳು ಅವರ ನೆನಪಿನಲ್ಲಿ ಉಳಿಯಲೇ ಇಲ್ಲ. ಆದರೆ ವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರಿಗೊಂದು ಕೆಲಸ ಕೊಟ್ಟರು: ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಚಿತ್ರ ತಿದ್ದಬೇಕು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಆದರೆ ಹಿಂದಿನ ದಿನ ಅದನ್ನು ಮಾಡಿದ್ದೇ ಅವರಿಗೆ ನೆನಪಿರಲಿಲ್ಲ! ಸಂಗತಿಗಳ ನೆನಪು ಬೇರೆ, ಕೈ ಕಲಿಯುವ ನೆನಪು ಬೇರೆ ಎಂದು ಇದರಿಂದ ತಿಳಿಯಿತು. ಹೀಗಿರುವಾಗ ಒಂದೇ ಬಗೆಯ ನೆನಪನ್ನು ಅಳೆದು ಇಡೀ ಮಿದುಳಿಗೆ ಅಂಕ ಹಾಕುವುದು ಎಷ್ಟು ಸರಿ?

ಹೊಡೆತದ ಭಯದಿಂದಲಾದರೂ ಕಲಿಯುತ್ತಾರೆ ಎನ್ನುವವರಿದ್ದಾರೆ. ಮಿದುಳಿನೊಳಗೆ ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಅಪಾಯ ಕಂಡೊಡನೆ ಅದು ದೇಹವನ್ನು ಎಚ್ಚರಿಸುತ್ತದೆ. ಎದೆ ಡವಡವ ಎನ್ನುತ್ತದೆ, ಕೈ ಬೆವರುತ್ತದೆ. ಭಯ ಹೆಚ್ಚಾದರೆ ನಿಧಾನವಾಗಿ ಯೋಚಿಸುವುದು ಕಷ್ಟ. ಕಲಿತದ್ದೂ ಬಾಯಿಗೆ ಬರುವುದಿಲ್ಲ. ಆ ಹುಡುಗನಿಗೆ ಉತ್ತರ ಗೊತ್ತಿತ್ತೋ ಏನೋ, ನನ್ನ ಎತ್ತಿದ ಕೈಯೇ ಅದನ್ನು ತಡೆದಿರಬಹುದು. ಅಲ್ಲದೆ, ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆ, 2009 ನಿಷೇಧಿಸಿದೆ.

ಬಾಯಿಪಾಠವೇ ಬೇಡವೆಂದು ನಾನು ಹೇಳುತ್ತಿಲ್ಲ. ಮಗ್ಗಿ ಬೇಕು, ಪದ್ಯವೂ ಬೇಕು. ಅದರ ಜೊತೆಗೆ ಮಾಡಿ ಕಲಿಯುವುದೂ ಇರಲಿ. ಮಕ್ಕಳನ್ನು ಒಂಟಿಕಾಲಿನಲ್ಲಿ ನಿಲ್ಲಿಸಿ, ಆದರೆ ಶಿಕ್ಷೆಗಾಗಿ ಅಲ್ಲ, ಅನುಮಸ್ತಿಷ್ಕದ ಪಾಠಕ್ಕಾಗಿ! ನಿನ್ನೆ ರಾತ್ರಿ ಏನು ಉಂಡಿರಿ ಎಂದು ಕೇಳಿ, ಹಿಪ್ಪೋಕ್ಯಾಂಪಸ್ಸಿನ ಕೆಲಸ ತಿಳಿಸಿ. ಉಸಿರನ್ನು ಬಿಗಿಹಿಡಿಯಲು ಹೇಳಿ. ಸ್ವಲ್ಪ ಹೊತ್ತಿಗೆ ಯಾರು ಬೇಡವೆಂದರೂ ಉಸಿರು ಬಂದೇ ಬರುತ್ತದೆ. ಅದು ಮೆಡುಲ್ಲಾದ ಆಜ್ಞೆ.

ತಲೆಬುರುಡೆಯೆಂಬ ಗಟ್ಟಿ ಪೆಟ್ಟಿಗೆಯಲ್ಲಿ ಪ್ರಕೃತಿ ಮಿದುಳನ್ನು ಜೋಪಾನವಾಗಿ ಇಟ್ಟಿದೆ. ನಮ್ಮ ಕೈ, ನಮ್ಮ ಮಾತು ಎರಡೂ ಅದನ್ನು ನೋಯಿಸದಿರಲಿ.