ಯಜಮಾನಿಕೆ ದಾಟಿತು, ಕಸುಬು ದಾಟಿತೇ?

ಕಟ್ಟಡಗಳ ವಿನ್ಯಾಸ ಮಾಡುವ ದೊಡ್ಡ ಸಂಸ್ಥೆಗಳಲ್ಲಿ ಯಜಮಾನಿಕೆ ಬದಲಾದರೆ ಅದೊಂದು ಸುದ್ದಿ. ಕಟ್ಟಿ ಬೆಳೆಸಿದವರು ಹಿಂದೆ ಸರಿದರು, ಇಂಥವರು ಮುಂದೆ ಬಂದರು, ಪರಿಸರಕ್ಕೆ ಒಗ್ಗುವ ಕಟ್ಟಡಗಳಲ್ಲಿ ಇವರದು ಇಷ್ಟು ವರ್ಷದ ಅನುಭವ, ಕೈಯಲ್ಲಿ ಈಗ ಇಂತಿಂಥ ಕಾಮಗಾರಿಗಳಿವೆ ಎಂದು ಪ್ರಕಟಣೆ ಹೊರಡುತ್ತದೆ. ರಾಯದುರ್ಗದ ಕೋಟೆಯ ಬುಡದಲ್ಲೋ ಮಡಕಶಿರಾದ ಬಸ್ ಸ್ಟ್ಯಾಂಡಿನಲ್ಲೋ ಕೂತು ಇದನ್ನು ಓದಿದವರಿಗೆ 'ನಮಗೇನಾಗಬೇಕು' ಅನ್ನಿಸೀತು. ವಾಸ್ತುಶಿಲ್ಪಿ ಅಂದರೆ ನಮ್ಮ ಕಡೆ ಬಾಗಿಲು ಯಾವ ದಿಕ್ಕಿಗೆ ಇಡಬೇಕು ಅಂತ ಹೇಳಿ ದಕ್ಷಿಣೆ ತಗೊಂಡು ಹೋಗುವವನು ಅಂತಲೇ ಬಹುಮಂದಿಯ ತಿಳುವಳಿಕೆ. ನಕ್ಷೆ ಬೇಕಾದರೆ ಪೇಟೆಯ ಅಂಗಡಿಯಲ್ಲಿ 'ಪ್ಲಾನ್ ಹಾಕಿಸಿಕೊಂಡು' ಬಂದರೆ ಆಯಿತು.

ಆದರೆ ನಮ್ಮ ಗಡಿಸೀಮೆಗೂ ಒಂದು ಕಟ್ಟಡ ಸಂಸ್ಥೆ ಇತ್ತು. ಅದಕ್ಕೆ ಬೋರ್ಡು ಇರಲಿಲ್ಲ, ಕಚೇರಿ ಇರಲಿಲ್ಲ. ಗೌಂಡಿಗಳು, ಕಲ್ಲೊಡೆಯುವ ವಡ್ಡರು, ಗಾರೆ ಕೆಲಸದ ಉಪ್ಪಾರರು, ತೊಲೆ ಕೂರಿಸುವ ಬಡಿಗೇರರು ಸೇರಿದರೆ ಅದೇ ಸಂಸ್ಥೆ. ಅಪ್ಪನಿಂದ ಮಗನಿಗೆ ಯಜಮಾನಿಕೆ ದಾಟುತ್ತಿತ್ತು. ಆ ಸಂಸ್ಥೆ ಈಗ ಯಾರ ಕೈಗೂ ದಾಟದೆ ಮುಚ್ಚುತ್ತಿದೆ. ಪ್ರಕಟಣೆ ಮಾತ್ರ ಯಾರೂ ಹೊರಡಿಸಿಲ್ಲ.

ಅದರ ಕೆಲಸ ಏನಿತ್ತು ಅಂತ ತಿಳಿಯಬೇಕಾದರೆ ರಾಯದುರ್ಗ, ಕಣೇಕಲ್ಲು, ಡಿ. ಹಿರೇಹಾಳು ಕಡೆಯ ಹಳೆಯ ಮಾಳಿಗೆ ಮನೆಯೊಳಗೆ ಬೇಸಗೆಯ ಮಟಮಟ ಮಧ್ಯಾಹ್ನ ಒಮ್ಮೆ ಹೋಗಿ ಕೂರಬೇಕು. ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಒಳಗೆ ತಣ್ಣಗೆ. ಒಂದೂವರೆ–ಎರಡು ಅಡಿ ದಪ್ಪದ ಕಲ್ಲು–ಮಣ್ಣಿನ ಗೋಡೆ. ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಸಣ್ಣ ಕಟ್ಟಿಗೆಯೋ ಕಲ್ಲುಚಪ್ಪಡಿಯೋ, ಅದರ ಮೇಲೆ ಸೊಪ್ಪು, ಆಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣು. ತೆಲುಗಿನವರು ಇದಕ್ಕೆ ಚವುಡು ಅನ್ನುತ್ತಾರೆ. ಬೆಳೆಗೆ ಬಾರದ, ಉಪ್ಪು ಹತ್ತಿದ ಈ ಮಣ್ಣಿಗೆ ಒಂದು ಗುಣವಿದೆ. ಅದರಲ್ಲಿನ ಸೋಡಿಯಂನಿಂದಾಗಿ ಮೊದಲ ಹನಿ ಬಿದ್ದಾಗಲೇ ಜೇಡಿಯ ಕಣ ಬಿಡಿಬಿಡಿಯಾಗಿ ಉಬ್ಬಿ ಸಂದುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ನೀರು ಕೆಳಗಿಳಿಯುವುದಿಲ್ಲ, ಹರಿದು ದೋಣಿಯಿಂದ ಹೊರಗೆ ಬೀಳುತ್ತದೆ. ಹೊಲ ಕೆಡಿಸುವ ಮಣ್ಣು ಮನೆ ಕಾಯುತ್ತದೆ ಅಂತ ಕಂಡುಕೊಂಡವರು ಯಾವ ಇಂಜಿನಿಯರಿಂಗ್ ಕಾಲೇಜು ಕಂಡವರು? ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಈ ಜಿಲ್ಲೆಗೆ ಇಂಥ ಮಾಳಿಗೆ ಸರಿಹೋಗುತ್ತಿತ್ತು. ಮಲೆನಾಡಿನಲ್ಲಿ ಇದು ಒಂದು ಮಳೆಗಾಲವೂ ನಿಲ್ಲುತ್ತಿರಲಿಲ್ಲ.

ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರದ ಕಡೆ ಕಲ್ಲಿನ ಕೈ ಹೆಚ್ಚು. ಪಾವಗಡ, ಶಿರಾ, ಮಧುಗಿರಿಗಳ ನಡುವೆ ಚಾಚಿಕೊಂಡ ಸೀಮೆ ಅದು. ಚಪ್ಪಡಿಯನ್ನು ಗೋಡೆಯಿಂದ ಗೋಡೆಗೆ ಹಾಸಿ ಸಂದಿಗೆ ಗಾರೆ ತುಂಬಿದ ಮನೆಗಳು ಈಗಲೂ ಇವೆ. ಕಲ್ಲಿನ ಈ ಕಸುಬು ಎಷ್ಟು ಹಳೆಯದು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಅಮರಾಪುರ ಮಂಡಲದಲ್ಲೇ ಇದೆ. ದೊಡ್ಡೇಶ್ವರ ಗುಡಿಯ ಕಪ್ಪುಕಲ್ಲಿನ ಕಂಬ ನೋಡಿದವರಿಗೆ ಮತ್ತೆ ಹೇಳಬೇಕಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯದೆಲ್ಲ ಬಂಗಾರ ಅಂತ ಅಲ್ಲ. ಮೂರು ದಿನ ಜಡಿಮಳೆ ಹಿಡಿದರೆ ಮಾಳಿಗೆ ಸೋರುತ್ತದೆ, ಒಂದೊಂದು ಸಲ ಕುಸಿದು ಜೀವ ತೆಗೆಯುತ್ತದೆ. ತೊಲೆಗೆ ಗೆದ್ದಲು, ಗೋಡೆಯಲ್ಲಿ ಚೇಳು, ಒಳಗೆ ಕತ್ತಲೆ. ಇನ್ನೂ ಒಂದು ಮಾತು ಹೇಳಲೇಬೇಕು: ಮಾಳಿಗೆ ಮನೆ ಎಲ್ಲರದ್ದೂ ಆಗಿರಲಿಲ್ಲ. ಊರೊಳಗಿನ ಉಳ್ಳವರದ್ದು ಮಾಳಿಗೆ, ಕೇರಿಯವರದ್ದು ಗುಡಿಸಲು. ಗುಡಿಸಲಲ್ಲಿ ಹುಟ್ಟಿದವನಿಗೆ ಸಿಮೆಂಟಿನ ಸ್ಲ್ಯಾಬು ಬರೀ ಸೂರಲ್ಲ, ಮರ್ಯಾದೆ. ಆ ಮರ್ಯಾದೆಯನ್ನು ಪರಿಸರದ ಹೆಸರಿನಲ್ಲಿ ಕಸಿದುಕೊಳ್ಳುವ ಮಾತು ಯಾರೂ ಆಡಬಾರದು. "ಮಣ್ಣಿನ ಮನೆ ಅಂದ್ರೆ ಹೆಣ್ಣು ಕೊಡಲ್ಲ ಕಣಣ್ಣಾ" ಅನ್ನುವ ಮಡಕಶಿರಾ ಕಡೆಯ ಮಾತಿನಲ್ಲಿ ನಗೆಯಷ್ಟೇ ನೋವೂ ಇದೆ.

ಹಾಗಾದರೆ ತಕರಾರು ಏನು? ನಾಲ್ಕೈದು ಇಂಚಿನ ಸ್ಲ್ಯಾಬು ಹಗಲಿಡೀ ಬಿಸಿಲು ಕುಡಿದು ರಾತ್ರಿಯಿಡೀ ಕೆಳಗೆ ಕಾರುತ್ತದೆ. ಮನೆ ಕಟ್ಟಿಕೊಂಡವನು ಹೊರಗೆ ಮಂಚ ಹಾಕಿಕೊಂಡು ಮಲಗುತ್ತಾನೆ. ಆಂಧ್ರದಲ್ಲಿ ಹಿಂದಿನ ಸರಕಾರ ಜಗನನ್ನ ಕಾಲೋನಿಗಳಲ್ಲಿ ಹಳ್ಳಿಗೆ ಒಂದೂವರೆ ಸೆಂಟು, ಪಟ್ಟಣಕ್ಕೆ ಒಂದು ಸೆಂಟು ಜಾಗದ ಮೇಲೆ 340 ಚದರಡಿಯ ಮಾದರಿ ಮನೆ ಕೊಟ್ಟಿತು. ಕಡಲತೀರದ ಶ್ರೀಕಾಕುಳಕ್ಕೂ ಕಲ್ಲುಗುಡ್ಡದ ರಾಯದುರ್ಗಕ್ಕೂ ಅದೇ ಮಾದರಿ. 2024ರಲ್ಲಿ ಸರಕಾರ ಬದಲಾಯಿತು, ಕಾಲೋನಿಗಳ ಹೆಸರೂ ಬದಲಾಯಿತು. ಮನೆಯ ಬಿಸಿ ಬದಲಾಗಲಿಲ್ಲ. ಅದಕ್ಕೂ ಮೊದಲು, 2022ರ ಏಪ್ರಿಲ್‌ನಲ್ಲಿ ಜಿಲ್ಲೆಯೇ ಒಡೆದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಒಬ್ಬ ಕಲೆಕ್ಟರಿಗೆ ಹೇಳಿಕೊಳ್ಳುತ್ತಿದ್ದದ್ದನ್ನು ಈಗ ಇಬ್ಬರಿಗೆ ಹೇಳಬೇಕು.

ಯಜಮಾನಿಕೆಯ ಮಾತಿಗೆ ಮತ್ತೆ ಬರೋಣ. ಹೊರಗಿನ ನಾಲ್ಕು ಸಂಸ್ಥೆಗಳನ್ನು ನೋಡಿದರೆ ನಮ್ಮ ಸಂಸ್ಥೆ ಮುಚ್ಚುತ್ತಿರುವುದು ಯಾಕೆ ಅಂತ ತಿಳಿಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಶುರು ಮಾಡಿದರು. ಹೊಗೆ ಬಾರದ 'ಅಸ್ತ್ರ ಒಲೆ' ನಮ್ಮ ಹೆಣ್ಣುಮಕ್ಕಳಿಗೂ ಗೊತ್ತು. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಹಳ್ಳಿ ಕೇಂದ್ರವಿತ್ತು. ಅಲ್ಲಿ ಪ್ರೊ. ಕೆ. ಎಸ್. ಜಗದೀಶ್ ಮತ್ತು ಜೊತೆಯವರು ಮಣ್ಣಿನ ಇಟ್ಟಿಗೆಯ ಕೆಲಸ ಬೆಳೆಸಿದರು. ಮರಳು ಹೆಚ್ಚಿರುವ ಕೆಂಪು ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ, ಕೈಯಿಂದ ನಡೆಯುವ ಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಸುಡುವ ಹಾಗಿಲ್ಲ. ಸುಟ್ಟ ಇಟ್ಟಿಗೆಗೆ ಬೇಕಾದ ಶಕ್ತಿಯ ಕಾಲುಭಾಗದಷ್ಟೇ ಇದಕ್ಕೆ ಸಾಕು ಅಂತ ಅವರದೇ ಲೆಕ್ಕ. ಇದಕ್ಕೆ ಐಎಸ್ 1725 ಅನ್ನುವ ಸರಕಾರಿ ಮಾನದಂಡವೂ ಇದೆ. ರೆಡ್ಡಿಯವರು 2006ರಲ್ಲಿ ತೀರಿಕೊಂಡರು, 'ಅಸ್ತ್ರ' ಅನ್ನುವ ಹೆಸರೂ ಹೋಗಿ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ ಅಂತಾಯಿತು. ಆದರೆ ಕೆಲಸ ನಿಲ್ಲಲಿಲ್ಲ. ಶಿಷ್ಯರು ಹೊರಗೆ ಬಂದು ಯಂತ್ರ ಮಾಡಿ ಮಾರಿದರು, ಮನೆ ಕಟ್ಟಿದರು, ಗೌಂಡಿಗಳಿಗೆ ಕಲಿಸಿದರು.

ಚಿತ್ರಾ ವಿಶ್ವನಾಥ್ ಅವರ ಸಂಸ್ಥೆ ಇನ್ನೊಂದು ಬಗೆ. ಅವರ ಹೆಸರಿನಲ್ಲೇ ನಡೆಯುತ್ತಿದ್ದ ವಿನ್ಯಾಸ ಕಚೇರಿ 2008ರಲ್ಲಿ ಮಳೆನೀರಿನ ಕೆಲಸ ಮಾಡುತ್ತಿದ್ದ ರೈನ್‌ವಾಟರ್ ಕ್ಲಬ್ ಜೊತೆ ಸೇರಿ 'ಬಯೋಮ್' ಆಯಿತು. ಪಾಯ ತೋಡಿದ ಮಣ್ಣಿನಲ್ಲೇ ಇಟ್ಟಿಗೆ ಒತ್ತಿ ಅಲ್ಲೇ ಗೋಡೆ ಎಬ್ಬಿಸುವುದು, ಸೂರಿನ ನೀರನ್ನು ಮನೆಯಲ್ಲೇ ಹಿಡಿಯುವುದು ಅವರ ರೀತಿ. ಹೆಸರುಪಟ್ಟಿಯಿಂದ ವ್ಯಕ್ತಿಯ ಹೆಸರು ಇಳಿದು ಸಂಸ್ಥೆಯ ಹೆಸರು ಏರಿದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ನಮ್ಮಲ್ಲಿ ನಡೆಯುವುದು ಸಾಮಾನ್ಯವಾಗಿ ಇದರ ತದ್ವಿರುದ್ಧ.

ಕೇರಳದ ಲಾರಿ ಬೇಕರ್ 2007ರ ಏಪ್ರಿಲ್ 1ರಂದು ತೀರಿಕೊಂಡಾಗ ಅವರ ಬಗೆಯ ಮನೆಯೂ ಮುಗಿಯಿತು ಅಂದವರುಂಟು. ಮುಗಿಯಲಿಲ್ಲ. 1985ರಲ್ಲಿ ಹುಟ್ಟಿದ್ದ 'ಕಾಸ್ಟ್‌ಫೋರ್ಡ್' ಇವತ್ತಿಗೂ ಕಟ್ಟುತ್ತಿದೆ. ಬೇಕರ್ ಸೈಟಿನಲ್ಲಿ ನಿಂತು ಗೌಂಡಿಯ ಜೊತೆ ಮಾತಾಡುತ್ತ ಕಟ್ಟಿಸಿದವರು. ಆ ಗೌಂಡಿಗಳ ಕೈಯಲ್ಲಿ ಅವರ ವಿದ್ಯೆ ಉಳಿಯಿತು.

ಅದೇ ಕೇರಳದ ಕೊಲ್ಲಂನಲ್ಲಿ 1986ರಲ್ಲಿ ಶುರುವಾದ ನಿರ್ಮಿತಿ ಕೇಂದ್ರದ ಕಥೆ ಹಾಗಾಗಲಿಲ್ಲ. ನೆರೆಯಲ್ಲಿ ಮನೆ ಕಳಕೊಂಡವರಿಗೆ ಕಡಿಮೆ ಖರ್ಚಿನಲ್ಲಿ ಕಟ್ಟಿಕೊಡುವುದು, ಕಟ್ಟುವವರಿಗೆ ಕಲಿಸುವುದು ಅದರ ಉದ್ದೇಶ. ಆಮೇಲೆ ದೇಶದ ತುಂಬ ಹಬ್ಬಿತು. ಕರ್ನಾಟಕದಲ್ಲಿ ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ವರ್ಗಾವಣೆ ಆದೇಶ ಬಂದ ದಿನ ಯಜಮಾನಿಕೆ ಬದಲು! ಒಬ್ಬರಿಗೆ ಆಸಕ್ತಿ ಇದ್ದರೆ ಮಣ್ಣಿನ ಇಟ್ಟಿಗೆ, ಮುಂದಿನವರಿಗೆ ಇಲ್ಲದಿದ್ದರೆ ಮಾಮೂಲು ಕಾಂಕ್ರೀಟು. ಈಗ ಎಷ್ಟೋ ಕಡೆ ಅದು ಟೆಂಡರ್ ಇಲ್ಲದೆ ಸರಕಾರಿ ಕಟ್ಟಡ ಎಬ್ಬಿಸುವ ಏಜೆನ್ಸಿ ಅಂತಲೇ ಹೆಸರುವಾಸಿ. ಕಲಿಸುವ ಕೆಲಸ ಮೂಲೆಗೆ ಬಿತ್ತು.

ನಮ್ಮ ಜಿಲ್ಲೆಯಲ್ಲೇ ನೋಡಿ. 1969ರಲ್ಲಿ ಅನಂತಪುರಕ್ಕೆ ಬಂದ ವಿಸೆಂಟ್ ಫೆರರ್ ಕಟ್ಟಿದ ಗ್ರಾಮೀಣಾಭಿವೃದ್ಧಿ ಟ್ರಸ್ಟು (ಆರ್‌ಡಿಟಿ) ಬಡವರಿಗೆ ಸಾಲುಸಾಲು ಮನೆ ಕಟ್ಟಿಕೊಟ್ಟು ಹೆಂಗಸರ ಹೆಸರಿಗೆ ಬರೆಸಿತು. 2009ರಲ್ಲಿ ಫೆರರ್ ಹೋದಾಗ 'ಇನ್ನಿದು ಉಳಿಯಲಾರದು' ಅಂತ ಅಳುಕಿದವರು ಬಹಳ. ಪತ್ನಿ ಅನ್ನಿ ಫೆರರ್, ಮಗ ಮಾಂಚೊ ಮುಂದುವರಿಸಿದರು. ಹಳ್ಳಿಹಳ್ಳಿಯಲ್ಲಿ ಅದರ ಕೆಲಸ ಬಲ್ಲ ಜನ ಇದ್ದದ್ದರಿಂದಲೇ ಅದು ಸಾಧ್ಯವಾಯಿತು ಅಂತ ನಾನು ತಿಳಿದಿದ್ದೇನೆ.

ಇವುಗಳ ಪಕ್ಕದಲ್ಲಿ ನಮ್ಮ ಗೌಂಡಿಯನ್ನು ನಿಲ್ಲಿಸಿ ನೋಡಿ. ಅವನ ಮಗ ಬಳ್ಳಾರಿಗೋ ಬೆಂಗಳೂರಿಗೋ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದಾನೆ, ಇಲ್ಲವೇ ರಾಯದುರ್ಗದಲ್ಲೇ ಜೀನ್ಸ್ ಹೊಲಿಯುತ್ತಿದ್ದಾನೆ. ಚೌಳು ಎಲ್ಲಿ ಸಿಗುತ್ತದೆ, ಎಷ್ಟು ಬೊಗಸೆ ಹೊಡೆಯಬೇಕು, ಯಾವ ಕಡೆಗೆ ಇಳಿಜಾರು ಕೊಡಬೇಕು ಅನ್ನುವುದು ಮುದುಕನ ಕೈಯಲ್ಲಿದೆ, ಕಾಗದದಲ್ಲಿಲ್ಲ. "ಯಾರ್ ಸಾಕ್ತಾರ್ರೀ ಮಾಳಿಗೀನ? ವರ್ಷಾ ವರ್ಷಾ ಮಣ್ಣ ಹಾಕ್ಬೇಕು, ಕೂಲಿ ಕೊಡಾಕ ಯಾರ್ ಬಲ್ಲಿ ಐತಿ?" ಅಂತ ರಾಯದುರ್ಗದ ಕಡೆ ಕೇಳುತ್ತಾರೆ. ಕೇಳುವುದು ನ್ಯಾಯವೇ. ಹೊಸ ಮನೆಗೆ ಸರಕಾರದ ಹಣ ಉಂಟು, ಹಳೆಯ ಮನೆಯ ತೊಲೆ ಬದಲಿಸಲು ಉಂಟೇ? ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗದಲ್ಲಿ ಬಯಲುಸೀಮೆಗೆ 1.20 ಲಕ್ಷ ರೂಪಾಯಿ, ಕನಿಷ್ಠ 25 ಚದರ ಮೀಟರ್. ಅದು ಸಿಗುವುದು ಸೂರಿಲ್ಲದವರಿಗೆ ಮತ್ತು 'ಕಚ್ಚಾ' ಮನೆಯವರಿಗೆ. ಮಣ್ಣು ಕಂಡರೆ ಸರ್ವೆಯವರ ಬಾಯಲ್ಲಿ ಕಚ್ಚಾ. ಎರಡಡಿ ದಪ್ಪದ ಗೋಡೆ ಕಚ್ಚಾ, ನಾಲ್ಕಿಂಚಿನ ಸ್ಲ್ಯಾಬು ಪಕ್ಕಾ! ಪಟ್ಟಿಗೆ ಸೇರಬೇಕಾದರೆ ಜನ ಗಟ್ಟಿ ಗೋಡೆಯನ್ನೂ ಕೆಡವಿದರೆ ತಪ್ಪು ಅವರದಲ್ಲ.

ಬುರ್ಕಿನಾ ಫಾಸೊ ಅನ್ನುವ ಆಫ್ರಿಕದ ಬಡ ದೇಶದಲ್ಲಿ ಗಾಂಡೊ ಅಂತ ಒಂದು ಹಳ್ಳಿ. ಅದೂ ನಮ್ಮಂತೆ ಬಿಸಿಲಿನ ಊರು. ಅಲ್ಲಿ ಹುಟ್ಟಿ ಜರ್ಮನಿಯಲ್ಲಿ ಓದಿದ ಫ್ರಾನ್ಸಿಸ್ ಕೆರೆ 2001ರಲ್ಲಿ ತನ್ನ ಊರಿಗೆ ಮಣ್ಣಿನಲ್ಲೇ ಶಾಲೆ ಕಟ್ಟಿದ. ಶುರುವಿಗೆ ಊರವರೇ ಒಪ್ಪಲಿಲ್ಲವಂತೆ, ಮಳೆಗೆ ಕರಗುವ ಮಣ್ಣು ಯಾರಿಗೆ ಬೇಕು ಅಂತ. ಮಣ್ಣಿಗೆ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆ, ಗೋಡೆಯಿಂದ ಎತ್ತರಕ್ಕೆ ಎತ್ತಿ ನಿಲ್ಲಿಸಿದ ತಗಡಿನ ಸೂರು, ನಡುವೆ ಗಾಳಿ. ಊರವರ ಕೈಯಲ್ಲೇ ಕಟ್ಟಿಸಿದ, ಕಸುಬು ಅವರಲ್ಲೇ ಉಳಿಯಿತು. 2022ರಲ್ಲಿ ವಾಸ್ತುಶಿಲ್ಪದ ಅತಿ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಅವನಿಗೆ ಬಂತು. ಮಡಕಶಿರಾದಿಂದ ಬೆಂಗಳೂರು 150 ಕಿಲೋಮೀಟರಿನ ಆಸುಪಾಸು. ಅಷ್ಟು ಹತ್ತಿರದ ವಿದ್ಯೆ ನಮ್ಮಲ್ಲಿಗೆ ಬಾರದಿರುವುದಕ್ಕೆ ದೂರ ಕಾರಣವಲ್ಲ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ರಾಯದುರ್ಗಕ್ಕೆ ಇಂದು ಬಳ್ಳಾರಿಯ ಯೋಜನೆ ಬಾರದು. ಅಮರಾವತಿಯ ಯೋಜನೆಗೆ ನಮ್ಮ ಬಿಸಿಲು ಕಾಣದು.

ಮಾಡಬಹುದಾದದ್ದು ಬಹಳ ದೊಡ್ಡದೇನಲ್ಲ. ಆವಾಸ್ ಯೋಜನೆಯಲ್ಲೇ ಹಳ್ಳಿ ಗೌಂಡಿಗಳಿಗೆ 45 ದಿನದ ತರಬೇತಿಗೆ ಅವಕಾಶವಿದೆ, ಕೊನೆಗೆ ಪರೀಕ್ಷೆ, ಸರ್ಟಿಫಿಕೇಟು. ಅದರಲ್ಲಿ ಹತ್ತು ದಿನವಾದರೂ ಮಣ್ಣಿನ ಇಟ್ಟಿಗೆಗೆ, ಹಂಚು ಹುದುಗಿಸಿ ಕಾಂಕ್ರೀಟು ಉಳಿಸುವ ಬೇಕರ್ ಬಗೆಯ ಸ್ಲ್ಯಾಬಿಗೆ, ಹಳೆಯ ಮಾಳಿಗೆಯ ದುರಸ್ತಿಗೆ ಮೀಸಲಾಗಲಿ. ಊರಿನ ಹಿರಿಯ ಗೌಂಡಿಯನ್ನು ಸಂಬಳ ಕೊಟ್ಟು ಮೇಷ್ಟ್ರಾಗಿ ಕೂರಿಸಲಿ. ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆ ಮಂಡಲಗಳಲ್ಲಿ ಪಾಠ ಕನ್ನಡದಲ್ಲೂ ನಡೆಯಲಿ, ಅಲ್ಲಿನ ಹುಡುಗರು ಓದಿದ್ದು ಕನ್ನಡ ಶಾಲೆಯಲ್ಲಿ. ಮಡಕಶಿರಾದ ಕೆಂಪು ಮಣ್ಣು ಇಟ್ಟಿಗೆಗೆ ಹೇಳಿ ಮಾಡಿಸಿದ್ದು. ಹಗರಿ ಬದಿಯ ಕಪ್ಪು ಮಣ್ಣಿಗೆ ಮರಳು, ಸುಣ್ಣ ಬೆರೆಸದೆ ನಡೆಯದು, ಅದನ್ನು ಪರೀಕ್ಷೆ ಮಾಡಿಯೇ ಹೇಳಬೇಕು. ಬೆಂಗಳೂರಿನ ಸಂಸ್ಥೆಗಳು ತಮ್ಮ ಕೈಯಲ್ಲಿರುವ ಕಾಮಗಾರಿಗಳ ಪಟ್ಟಿಗೆ ಗಡಿಯಾಚೆಯ ಒಂದು ಅಂಗನವಾಡಿಯನ್ನೋ ಶಾಲೆಯ ಎರಡು ಕೋಣೆಯನ್ನೋ ಸೇರಿಸಿಕೊಂಡರೆ ನಮ್ಮ ಹುಡುಗರು ಅಲ್ಲೇ ಕಲಿಯುತ್ತಾರೆ.

ಅನಂತಪುರ, ಪುಟ್ಟಪರ್ತಿ ಎರಡೂ ಕಡೆಯ ಕಲೆಕ್ಟರುಗಳು ಇದನ್ನು ಬೇಸಗೆಯಲ್ಲೇ ಶುರು ಮಾಡಿಸಬೇಕು. ಮಾಳಿಗೆಗೆ ಮಣ್ಣು ಬೀಳುವುದು ಮುಂಗಾರಿಗೆ ಮುಂಚೆ. ಆ ಕೆಲಸ ಕೈಯಾರೆ ಮಾಡಿ ತೋರಿಸಬಲ್ಲ ಹಿರಿಯರು ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ, ಏಣಿ ಹತ್ತುವ ಶಕ್ತಿಯೂ ಇದೆ.